ಹೆಸರು ಹಿಡಿದು ಹೇಳಿ, ಟೀಚರ್

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರಿಗೆಲ್ಲ ಊರು ಇಟ್ಟ ಹೆಸರು ಒಂದೇ, ಬಾಯಮ್ಮ. ಮಲ್ಲಿಗೆ ಮಾರುವವರೂ ಬಾಯಮ್ಮ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವರೂ ಬಾಯಮ್ಮ, ಬ್ಯಾಂಕಿನ ಮ್ಯಾನೇಜರು ಕೂಡ ಬೆನ್ನ ಹಿಂದೆ ಬಾಯಮ್ಮನೇ. ನಮ್ಮ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತಿದ್ದವರು ಬಾಯಮ್ಮ ಟೀಚರ್. ಅವರಿಗೆ ಜ್ಞಾನಸ್ನಾನದಲ್ಲಿ ಇಟ್ಟ ಉದ್ದದ ಹೆಸರೊಂದು ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸಿದ್ದು ನಾನು ಕಂಡಿಲ್ಲ. ನಾನೂ ಇಲ್ಲಿ ಬಳಸುವುದಿಲ್ಲ.

ಅವರು ತೀರಿಕೊಂಡು ಈಗ ಎರಡು ತಿಂಗಳು. ಒಳ್ಳೆಯವರು ಸತ್ತಾಗ ಒಳ್ಳೆಯ ಮಾತು ಬರೆಯಲು ಜನ ಬೇಕಾದಷ್ಟು ಇರುತ್ತಾರೆ. ನಾನು ಬರೆಯುತ್ತಿರುವುದು ಅದಕ್ಕಲ್ಲ. ಅವರಿಗೆ ನನ್ನಿಂದ ಒಂದು ಅನ್ಯಾಯವಾಗಿತ್ತು. ಅದನ್ನು ಅವರ ಮುಖ ನೋಡಿ ಹೇಳಲು ನನಗೆ ಏಳು ವರ್ಷ ಹಿಡಿಯಿತು. ಹೇಳಿದ ಮೇಲೆ ಅವರು ನನಗೊಂದು ಕೆಲಸ ಕೊಟ್ಟು ಹೋದರು. ಆ ಕೆಲಸ ಏನಾಯಿತೆಂದು ಹೇಳುವ ಮೊದಲು ಅವರು ಎಂಥವರೆಂದು ಹೇಳಬೇಕು.

ನಾನು ಮೂಡುಬಿದಿರೆಯ ಜೈನರ ಮನೆಯವಳು. ಬಂಟ್ವಾಳಕ್ಕೂ ಮೂಡುಬಿದಿರೆಗೂ ನಡುವಿನ ಒಂದು ಹಳ್ಳಿಯ ಅನುದಾನಿತ ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ, ಕೊನೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದ ವರ್ಷ ನಿವೃತ್ತಳಾದೆ. ಬೆಳಿಗ್ಗೆ ನಾನು ಮೂಡುಬಿದಿರೆಯ ಬಸ್ಸಿನಲ್ಲಿ ಬಂದರೆ, ಬಾಯಮ್ಮ ಟೀಚರ್ ನರಿಕೊಂಬಿನ ಕಡೆಯಿಂದ ನೇತ್ರಾವತಿ ದಾಟಿ ಬರುತ್ತಿದ್ದರು. ಗಿಡ್ಡ, ಗಟ್ಟಿ ಆಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಗಂಡ ಮದುವೆಯಾದ ಆರನೇ ವರ್ಷವೇ ಹೋಗಿದ್ದರು, ಮಕ್ಕಳಿರಲಿಲ್ಲ, ತಂಗಿಯ ಮನೆಯಲ್ಲಿ ವಾಸ. ದೊಡ್ಡ ದನಿಯಲ್ಲಿ ಅಪಸ್ವರವಾಗಿ ಹಾಡುತ್ತಿದ್ದರು. ಇಗರ್ಜಿಯ ಹಾಡುಗಾರರು ಅವರನ್ನು ಮೈಕಿನಿಂದ ಆದಷ್ಟು ದೂರ ನಿಲ್ಲಿಸುತ್ತಿದ್ದರಂತೆ. ಅದನ್ನು ಅವರೇ ಹೇಳಿ ನಗುತ್ತಿದ್ದರು. "ದೇವರಿಗೆ ಕಿವಿ ಉಂಟು ಟೀಚರ್, ಆದರೆ ಅವನು ಸಂಗೀತದ ಮಾಷ್ಟ್ರು ಅಲ್ಲ."

ಅವರ ಕನ್ನಡದ್ದೇ ಒಂದು ಕತೆ. ಕೊಂಕಣಿಯಲ್ಲಿ ಹುಡುಗಿಯರು ನಪುಂಸಕಲಿಂಗ. ಬಾಯಮ್ಮ ಟೀಚರ್ ಆ ವ್ಯಾಕರಣವನ್ನು ಹಾಗೆಯೇ ಕನ್ನಡಕ್ಕೆ ತಂದು, ವಯಸ್ಸಿನ ಮಿತಿಯನ್ನೂ ತೆಗೆದು ಹಾಕಿದ್ದರು. ಒಮ್ಮೆ ಶಿಕ್ಷಣ ಇಲಾಖೆಯ ಅಧಿಕಾರಿ ಹೇಳದೆ ಕೇಳದೆ ಶಾಲೆಗೆ ಬಂದರು. ಆಗಿನ ಹೆಡ್ ಮೇಡಂ ಒಳಗೆ ಊಟಕ್ಕೆ ಕುಳಿತಿದ್ದರು. "ಮೇಡಂ ಎಲ್ಲಿ?" ಎಂದು ಕೇಳಿದ್ದಕ್ಕೆ ಬಾಯಮ್ಮ ಟೀಚರ್ ಬಹಳ ವಿನಯದಿಂದ, "ಅದು ಒಳಗೆ ತಿನ್ತಾ ಉಂಟು ಸರ್, ಈಗ ಬರ್ತದೆ," ಎಂದರು. ಅಧಿಕಾರಿ ಶಾಲೆಯಲ್ಲಿ ದನ ಸಾಕಿದ್ದಾರೆ ಎಂದುಕೊಂಡಿರಬೇಕು, ಎರಡು ಹೆಜ್ಜೆ ಹಿಂದೆ ಸರಿದರು. ಆದರೆ ಅವರು 'ಅದು' ಎನ್ನುತ್ತಿದ್ದದ್ದು ಪ್ರೀತಿ ಇದ್ದವರಿಗೆ ಮಾತ್ರ. ಉಳಿದವರೆಲ್ಲ ಗೌರವದ 'ಅವರು'. ನಾನು ಅವರ ಬಾಯಲ್ಲಿ 'ಅದು' ಆಗಲು ನಾಲ್ಕು ವರ್ಷ ಬೇಕಾಯಿತು.

ಅವರ ಕರಿಹಲಗೆಯ ಬಲಮೂಲೆಯಲ್ಲಿ ದಿನಾ ಒಂದೇ ಒಂದು ಅಕ್ಷರ ಇರುತ್ತಿತ್ತು. ಒಂದು ದಿನ 'ಸು', ಇನ್ನೊಂದು ದಿನ 'ಫಾ', ಮತ್ತೊಂದು ದಿನ 'ಗ'. ಮಕ್ಕಳು ಅದನ್ನು ತಾರೀಕಿನ ಹಾಗೆ ಏನೋ ಒಂದು ಎಂದು ಬಿಟ್ಟಿದ್ದರು. ನಾನು ಪಾಠದ ಕ್ರಮವಿರಬೇಕೆಂದು ತಿಳಿದು, ಇವರಿಗೆ ವರ್ಣಮಾಲೆಯೇ ನೆಟ್ಟಗೆ ಬರುವುದಿಲ್ಲ ಎಂದು ಒಳಗೊಳಗೇ ನಕ್ಕಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ.

"ಅದು ಇವತ್ತಿನ ಗಿರಾಕಿ," ಎಂದರು. "ಬಸ್ಸು ಪಾಣೆಮಂಗಳೂರಿನಲ್ಲಿ ಹೊಳೆಯ ಸಂಕ ದಾಟುವಾಗ ನಾನು ದೇವರ ಹತ್ತಿರ ಕೇಳ್ತೇನೆ, ಇವತ್ತು ಯಾರಿಗೆ? ಒಂದು ಮಗುವಿನ ನೆನಪಾಗ್ತದೆ. ಇವತ್ತು ಸುಮತಿಯದ್ದು. ಅದರ ಚೀಲದಲ್ಲಿ ಪೆನ್ಸಿಲ್ ಉಂಟಾ, ಹೊಟ್ಟೆಗೆ ಬಿದ್ದಿದೆಯಾ, ಯಾರಾದರೂ ಬೈದಿದ್ದಾರಾ, ಅಷ್ಟು ನೋಡುವುದು."

"ಉಳಿದ ಮೂವತ್ತು ಮಕ್ಕಳು?"

"ಅವರಿಗೆ ಪಾಠ ಮಾಡ್ತೇನೆ ಮಾರಾಯ್ರೇ. ಆದರೆ ಊರೆಲ್ಲ ಉದ್ಧಾರ ಮಾಡ್ಲಿಕ್ಕೆ ಹೊರಟರೆ ಒಬ್ಬರದ್ದೂ ಆಗುವುದಿಲ್ಲ. ದಿನಕ್ಕೊಂದು. ಸಂಜೆ ಅದನ್ನು ಒರಸಿ ಮನೆಗೆ ಹೋಗುವುದು."

ಬದುಕಿಗೊಂದು ಗುರಿ ಬೇಕು ಎಂದು ನಾನು ಏಳನೇ ತರಗತಿಯವರಿಗೆ ಪ್ರತಿವರ್ಷ ಪ್ರಬಂಧ ಬರೆಸುತ್ತಿದ್ದೆ. ಚಂದದ ಅಕ್ಷರದಲ್ಲಿ ಬರೆದವರಿಗೆ ಹತ್ತಕ್ಕೆ ಒಂಬತ್ತು. ನನ್ನ ಗುರಿ ಏನೆಂದು ಆಗ ಯಾರಾದರೂ ಕೇಳಿದ್ದರೆ ಮುಖ್ಯೋಪಾಧ್ಯಾಯಿನಿಯ ಕುರ್ಚಿ ಎಂದು ಹೇಳಬೇಕಾಗುತ್ತಿತ್ತು.

ನಾನು ಅವರ ಮನೆಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಮೀನು ಬೇಯುವ ಮನೆ, ನಮ್ಮದು ಗಡ್ಡೆ ಗೆಣಸನ್ನೂ ಮುಟ್ಟದ ಮಡಿ. ಅವರು ಬೇಸರಿಸದೆ ಪ್ರತಿವರ್ಷ ಸೆಪ್ಟೆಂಬರ್ ಎಂಟಕ್ಕೆ, ಮಾತೆ ಮರಿಯಮ್ಮನ ಹಬ್ಬಕ್ಕೆ ಕರೆಯುತ್ತಿದ್ದರು. ಆ ದಿನ ಇಗರ್ಜಿಯಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ಭತ್ತದ ಕಾಳನ್ನು ಸುಲಿದು, ಅರೆದು, ಹಾಲಿಗೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಡಿಯುತ್ತಾರೆ. ಊಟ ಪೂರ್ತಿ ಸಸ್ಯಾಹಾರ. "ವರ್ಷಕ್ಕೆ ಒಂದು ದಿನ ನಮ್ಮ ಮನೆ ನಿಮ್ಮ ಬಸದಿಯಷ್ಟೇ ಶುದ್ಧ. ಇವತ್ತಾದರೂ ಬನ್ನಿ," ಎಂದು ಆರು ವರ್ಷ ಕರೆದರು. ಏಳನೇ ವರ್ಷ ನಾನು ಹೋದೆ. ನನಗಾಗಿ ಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಒಂದೂ ಹಾಕದೆ ಐದು ಬಗೆಯ ಪಲ್ಯ ಮಾಡಿಸಿದ್ದರು. ಉಳಿದವರೂ ಅದನ್ನೇ ತಿನ್ನಬೇಕಾಗಿ ಬಂದು ಅವರ ತಂಗಿಯ ಗಂಡನ ಮುಖ ಸಪ್ಪಗಾಗಿದ್ದು ನನಗೆ ಇನ್ನೂ ನೆನಪಿದೆ.

ಊಟದ ಮೇಲೆ ಮಾತು ಮೋಕ್ಷಕ್ಕೆ ಹೋಯಿತು. ನಾನು ನನ್ನ ಅಜ್ಜಿ ಹೇಳಿಕೊಟ್ಟದ್ದನ್ನು ಹೇಳಿದೆ. ಮಾಡಿದ ಕರ್ಮವನ್ನು ಮಾಡಿದವರೇ ಉಣ್ಣಬೇಕು, ಮಾಡಿದವರೇ ಕಳೆದುಕೊಳ್ಳಬೇಕು, ತೀರ್ಥಂಕರರು ದಾರಿ ತೋರಿಸಿದ್ದಾರೆ, ನಡೆಯುವ ಕಾಲು ನಮ್ಮದೇ ಆಗಬೇಕು. ಒಬ್ಬರ ಪಾಪವನ್ನು ಇನ್ನೊಬ್ಬರು ಹೊರುವುದೆಂದರೇನು, ನನಗೆ ಅರ್ಥವಾಗುವುದಿಲ್ಲ ಎಂದೆ.

ಅವರು, "ನಿಮ್ಮದು ಸ್ವಂತ ಅಡುಗೆ ಟೀಚರ್," ಎಂದರು. "ಕಷ್ಟದ್ದು, ದೊಡ್ಡದು. ನಮ್ಮದು ಕರೆದ ಊಟ. ಬೇರೆ ಯಾರೋ ಬೇಯಿಸಿ ಇಟ್ಟಿದ್ದಾರೆ, ಬಾ ಹೇಳಿದ್ದಾರೆ. ಕೈಕಾಲು ತೊಳ್ಕೊಂಡು ಹೋಗಿ ಕೂರುವುದು."

"ಅಷ್ಟು ಸುಲಭವಾ?"

"ಎಂಥ ಸುಲಭ! ಕರೆದಾಗ ಹೋಗುವುದೇ ಕಷ್ಟ. ನೀವೇ ಬರ್ಲಿಕ್ಕೆ ಏಳು ವರ್ಷ ತೆಗೊಂಡ್ರಲ್ಲ!"

ಇನ್ನೊಂದು ಸಲ ಇಬ್ಬರೂ ತರಬೇತಿ ಮುಗಿಸಿ ಪುತ್ತೂರಿನಿಂದ ಬರುತ್ತಿದ್ದೆವು. ಕಲ್ಲಡ್ಕದಲ್ಲಿ ಅವರು ಹಟ ಹಿಡಿದು ಇಳಿಸಿದರು. ಅಲ್ಲಿಯ ಕೆ.ಟಿ. ಚಹಾ ಕುಡಿಯದೆ ಆ ಊರು ದಾಟುವುದು ಅವರ ಲೆಕ್ಕದಲ್ಲಿ ಪಾಪ. ಮತ್ತೆ ಬಸ್ಸು ಹತ್ತಿದಾಗ ಪಕ್ಕದ ಸೀಟಿನಲ್ಲಿ ಘಟ್ಟದ ಮೇಲಿನ ಕನ್ನಡದವನೊಬ್ಬ ಯುವಕ ಇದ್ದ. ಕೈಯಲ್ಲಿ ಸುವಾರ್ತೆಯ ಕರಪತ್ರಗಳು. ಬಾಯಮ್ಮ ಟೀಚರ ಕುತ್ತಿಗೆಯ ಶಿಲುಬೆ ನೋಡಿ ಸಂತೋಷದಿಂದ ಕೇಳಿದ, "ಅಮ್ಮಾ, ನಿಮಗೆ ರಕ್ಷಣೆ ಆಗಿದೆಯಾ?"

ಅವರು, ಒಲೆಯ ಮೇಲಿನ ಅನ್ನದ ಬಗ್ಗೆ ಯಾರೋ ಕೇಳಿದ ಹಾಗೆ, "ಆಗ್ತಾ ಉಂಟು," ಎಂದರು.

ಯುವಕ ಗಲಿಬಿಲಿಯಾದ. ಆಗಿದೆ ಅಥವಾ ಇಲ್ಲ, ಎರಡರಲ್ಲಿ ಒಂದೇ ಇರಲು ಸಾಧ್ಯ ಎಂದು ಮೆಲ್ಕಾರ್ ಬರುವವರೆಗೂ ವಾದಿಸಿದ. ಬಾಯಮ್ಮ ಟೀಚರ್ ಎಲ್ಲದಕ್ಕೂ ತಲೆ ಆಡಿಸಿ, ಇಳಿಯುವಾಗ, "ನೀವು ಹೇಳುವುದು ಸರಿ ಮಗಾ. ಆದರೆ ನನ್ನ ಅಕ್ಕಿ ಕುಚ್ಚಲಕ್ಕಿ, ಬೇಯ್ಲಿಕ್ಕೆ ಹೊತ್ತು ಬೇಕು," ಎಂದರು.

ಬಾಯಮ್ಮ ಟೀಚರಿಗೆ ಒಂದು ಅಭ್ಯಾಸ ಇತ್ತು, ಅದೇ ಮುಂದೆ ಕುತ್ತಿಗೆಗೆ ಬಂತು. ಏನನ್ನೇ ಆರಂಭಿಸುವಾಗ ಬಲಗೈ ಹೆಬ್ಬೆರಳಿನಿಂದ ಅದರ ಮೇಲೆ ಸಣ್ಣದೊಂದು ಶಿಲುಬೆ ಗೀರುವುದು. ಬ್ರೆಡ್ಡು ಕತ್ತರಿಸುವಾಗ, ಹೊಸ ಸೀಮೆಸುಣ್ಣದ ಡಬ್ಬಿ ತೆರೆಯುವಾಗ, ತಂಗಿಯ ಮಕ್ಕಳು ಪರೀಕ್ಷೆಗೆ ಹೊರಡುವಾಗ ಹಣೆಯ ಮೇಲೆ. ಕೈ ತಾನಾಗಿಯೇ ಹೋಗುತ್ತಿತ್ತು. ಶಾಲೆಯ ಮಕ್ಕಳ ಹಣೆ ಮಾತ್ರ ಮುಟ್ಟುತ್ತಿರಲಿಲ್ಲ. "ಅದು ಬೇರೆಯವರ ಮನೆಯ ಬಾಗಿಲು ಟೀಚರ್," ಎನ್ನುತ್ತಿದ್ದರು.

ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂದು ಒಂದು ದಿನ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಎಲ್ಲರ ಹತ್ತಿರ ಕೈಮುಗಿದು ಕೇಳಬೇಕು. ಸ್ಟಾಫ್ ರೂಮಿನಲ್ಲಿ ನಾನು ಪ್ರತಿವರ್ಷ ಒಂದು ಸುತ್ತು ಬಂದು ಕೇಳುತ್ತಿದ್ದೆ. ಉಳಿದವರು ಅಯ್ಯೋ ಬಿಡಿ ಟೀಚರ್ ಎಂದು ನಗುತ್ತಿದ್ದರು. ಬಾಯಮ್ಮ ಟೀಚರ್ ಮಾತ್ರ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು, "ಯಾವ ತಪ್ಪು?"

"ಯಾವುದಾದರೂ ಆಗಿದ್ದರೆ."

"ನಮ್ಮಲ್ಲಿ ಹಾಗೆ ಹೋಲ್‌ಸೇಲಿನಲ್ಲಿ ಆಗುವುದಿಲ್ಲ. ಕುಮ್ಸಾರಿಗೆ ಹೋದರೆ, ಪಾದ್ರಿಯ ಎದುರು ಮೊಣಕಾಲೂರಿ ಪಾಪ ಹೇಳುವುದು ಉಂಟಲ್ಲ, ಅಲ್ಲಿ ಹೆಸರು ಹಿಡಿದು ಹೇಳಬೇಕು. ಕದ್ದೆ ಆದರೆ ಎಂಥ ಕದ್ದೆ. ಬೈದೆ ಆದರೆ ಯಾರನ್ನು ಬೈದೆ. ಹೆಸರು ಹಿಡಿದು ಹೇಳಿ ಟೀಚರ್, ಈಗಲೇ ಕ್ಷಮಿಸಿ ಬಿಡ್ತೇನೆ."

ಆಗೆಲ್ಲ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅದು ತಮಾಷೆಯೇ ಆಗಿತ್ತು.

ಏಳು ವರ್ಷದ ಹಿಂದಿನ ಮಾತು. ಪ್ರತಿಭಾ ಕಾರಂಜಿಯ ಸ್ಪರ್ಧೆ ಪಕ್ಕದೂರಿನ ಶಾಲೆಯಲ್ಲಿ ನಡೆಯುತ್ತಿತ್ತು. ಕಂಠಪಾಠಕ್ಕೆ ನಾನು ಎರಡನೇ ತರಗತಿಯ ಒಂದು ಹುಡುಗಿಯನ್ನು ಒಂದು ತಿಂಗಳು ತಯಾರು ಮಾಡಿದ್ದೆ. ಹೆಡ್ ಮೇಡಂ ಅವರ ನಿವೃತ್ತಿಗೆ ಕೆಲವು ತಿಂಗಳಿತ್ತು. ಆ ಸಲ ಬಹುಮಾನ ಬಂದರೆ ಆಡಳಿತ ಸಮಿತಿಯವರ ಕಣ್ಣಿಗೆ ನಾನು ಬೀಳುತ್ತೇನೆ ಎಂಬ ಆಸೆ ನನಗಿತ್ತು, ಸುಳ್ಳು ಹೇಳುವುದಿಲ್ಲ. ವೇದಿಕೆಯ ಹಿಂದೆ ಮಗು ಗಡಗಡ ನಡುಗತೊಡಗಿತು. ನೀರು ಕುಡಿಸಿದೆ, ಬೆನ್ನು ಸವರಿದೆ, ಒಮ್ಮೆ ಗದರಿದೆ. ಏನೂ ಆಗಲಿಲ್ಲ. ಹೆಸರು ಕರೆಯಲು ಇನ್ನು ಇಬ್ಬರು ಮಾತ್ರ ಬಾಕಿ. ಅಲ್ಲಿಯೇ ಬಾಯಮ್ಮ ಟೀಚರ್ ಮಕ್ಕಳ ಚಪ್ಪಲಿ ಕಾಯುತ್ತಾ ನಿಂತಿದ್ದರು.

"ಬಾಯಮ್ಮಾ, ನಿಮ್ಮ ಆ ಹೆಬ್ಬೆರಳು ಒಮ್ಮೆ ಇಡಿ ಮಾರಾಯ್ರೇ," ಎಂದೆ. "ಒಂದನೇ ಕ್ಲಾಸಿನಲ್ಲಿ ನಿಮ್ಮ ಕೈಯಲ್ಲಿ ಬೆಳೆದ ಮಗು. ನೀವು ಮುಟ್ಟಿದರೆ ನಿಲ್ಲಬಹುದು."

"ಬೇಡ ಟೀಚರ್. ಬೇರೆಯವರ ಮಗು."

"ಎಂತ ಆಗುವುದಿಲ್ಲ. ನಾನಿದ್ದೇನಲ್ಲ."

ಅವರು ಬಗ್ಗಿ ಆ ಮಗುವಿನ ಹಣೆಗೆ ಹೆಬ್ಬೆರಳು ಇಟ್ಟು, ಕಿವಿಯಲ್ಲಿ ಏನೋ ಹೇಳಿದರು. ಮಗು ನಕ್ಕಿತು. ವೇದಿಕೆಗೆ ಹೋಗಿ ಒಂದೂ ತಪ್ಪಿಲ್ಲದೆ ಹೇಳಿ ಮೊದಲನೇ ಬಹುಮಾನ ತಂದಿತು.

ಯಾರೋ ಫೋಟೋ ತೆಗೆದಿದ್ದರು. ಎರಡು ದಿನದಲ್ಲಿ ಅದು ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ತಿರುಗಿತು, ಕೆಳಗೆ ಒಂದೊಂದು ಗುಂಪಿನಲ್ಲಿ ಮತಾಂತರದ ಬಗ್ಗೆ ಒಂದೊಂದು ಬರಹ. ಫೋಟೋದಲ್ಲಿ ಇದ್ದದ್ದು ಬಾಯಮ್ಮ ಟೀಚರು, ಅವರ ಕೈ, ಮಗುವಿನ ಮುಖ. ಅಂಚಿನಲ್ಲಿ ಒಂದು ಹಸಿರು ಸೆರಗು ಕಾಣುತ್ತಿತ್ತು. ಅದು ಯಾರದೆಂದು ಯಾರೂ ಕೇಳಲಿಲ್ಲ. ಮಗುವಿನ ಅಜ್ಜ ಶಾಲಾ ಸಮಿತಿಯಲ್ಲಿ ಇದ್ದವರು, ಊರಿನಲ್ಲಿ ಮರ್ಯಾದೆಯ ಮನುಷ್ಯ. ಅವರು ದೂರು ಬರೆದುಕೊಟ್ಟರು.

ಸಭೆ ಕರೆದರು. ಶಾಲೆಯ ಸಂಚಾಲಕರು ಕೆಟ್ಟವರಲ್ಲ, ಸಮಾಧಾನದಲ್ಲಿಯೇ ಕೇಳಿದರು. "ಟೀಚರ್, ಇಪ್ಪತ್ತು ವರ್ಷದಲ್ಲಿ ನಿಮ್ಮ ಮೇಲೆ ಒಂದು ಮಾತು ಬಂದದ್ದಿಲ್ಲ. ನೀವಾಗಿಯೇ ಮಾಡಿದ್ದಾ? ಯಾರಾದರೂ ಹೇಳಿದರಾ?"

ನಾನು ಬಾಯಮ್ಮ ಟೀಚರಿಂದ ಎರಡು ಕುರ್ಚಿ ಆಚೆಗೆ ಕುಳಿತಿದ್ದೆ. ಈಗ ಹೇಳುತ್ತೇನೆ, ಇನ್ನೊಂದು ಕ್ಷಣದಲ್ಲಿ ಹೇಳುತ್ತೇನೆ ಎಂದುಕೊಂಡೆ. ಬಾಯಮ್ಮ ಟೀಚರ್ ನನ್ನ ಕಡೆ ನೋಡಲಿಲ್ಲ. ಮೇಜನ್ನು ನೋಡುತ್ತಾ, "ಯಾರೂ ಹೇಳ್ಲಿಲ್ಲ. ನಾನೇ ಮಾಡಿದ್ದು. ತಪ್ಪಾಯಿತು," ಎಂದರು.

ನಾನು ಸುಮ್ಮನೆ ಕುಳಿತೆ. ಹೆದರಿಕೆಯಿತ್ತು, ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಆ ಕುರ್ಚಿಯ ಆಸೆ ಇತ್ತು.

ಅದೇ ಸಮಿತಿಯ ಇನ್ನೊಂದು ಶಾಲೆ ಬೆಳ್ತಂಗಡಿಯ ಆಚೆ ಇತ್ತು. ಅವರನ್ನು ಅಲ್ಲಿಗೆ ಹಾಕಿದರು, ಒಂದನೇ ತರಗತಿ ಕೊಡದೆ ಗ್ರಂಥಾಲಯ ಮತ್ತು ಬಿಸಿಯೂಟದ ಉಸ್ತುವಾರಿಗೆ. ನಿವೃತ್ತಿಗೆ ಮೂರು ವರ್ಷ ಇತ್ತು. ಮೂರು ವರ್ಷವೂ ಅವರು ಬೆಳಿಗ್ಗೆ ಮೆಲ್ಕಾರಿಗೆ ನಡೆದು, ಅಲ್ಲಿಂದ ಬಿ.ಸಿ. ರೋಡಿಗೆ ಒಂದು ಬಸ್ಸು, ಅಲ್ಲಿಂದ ಬೆಳ್ತಂಗಡಿಗೆ ಇನ್ನೊಂದು ಬಸ್ಸು, ಅಲ್ಲಿಂದ ಮುಂದಕ್ಕೆ ಸಿಕ್ಕಿದರೆ ಮತ್ತೊಂದು ಬಸ್ಸು ಹಿಡಿದು ಹೋದರು. ಮುಂದಿನ ಜೂನಿನಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾದೆ. ಅವರು ಫೋನ್ ಮಾಡಿ ಅಭಿನಂದನೆ ಹೇಳಿದರು. ನಾನು ಥ್ಯಾಂಕ್ಸ್ ಎಂದೆ.

ಆ ವರ್ಷದ ಕ್ಷಮಾವಣಿಗೆ ನಾನು ತಾವರೆ ಹೂವಿನ ಒಂದು ಚಿತ್ರವನ್ನು, ಕೆಳಗೆ 'ತಿಳಿದೋ ತಿಳಿಯದೆಯೋ' ಎಂಬ ಸಾಲಿನೊಂದಿಗೆ, ಫೋನಿನಲ್ಲಿದ್ದ ಎಲ್ಲರಿಗೂ ಒಂದೇ ಸಲಕ್ಕೆ ಕಳಿಸಿದೆ. ಗ್ಯಾಸಿನವನಿಗೂ ಹೋಯಿತು, ಬಾಯಮ್ಮ ಟೀಚರಿಗೂ ಹೋಯಿತು. ಗ್ಯಾಸಿನವನು ಕೈಮುಗಿದ ಚಿತ್ರ ಕಳಿಸಿದ. ಬಾಯಮ್ಮ ಟೀಚರಿಂದ ಧ್ವನಿಯ ಸಂದೇಶ ಬಂತು. ಹಿಂದೆ ಬಸ್ಸಿನ ಸದ್ದು. "ಯಾವ ತಪ್ಪು ಟೀಚರ್?" ಅಷ್ಟೇ. ಆಮೇಲೆ ಅವರ ನಗು. ಆ ನಗುವನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಉತ್ತರ ಬರೆಯಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಚಿತ್ರ ಕಳಿಸುವಾಗ ಅವರೊಬ್ಬರನ್ನು ಬಿಟ್ಟೆ.

ನನ್ನ ಅಜ್ಜಿಯ ಪಾಠ ಆ ವರ್ಷಗಳಲ್ಲಿ ನನ್ನನ್ನು ಬಹಳ ಕಾಡಿತು. ಮಾಡಿದ ಕರ್ಮವನ್ನು ಮಾಡಿದವರೇ ಉಣ್ಣಬೇಕು. ನನ್ನ ತಪ್ಪಿನ ಊಟವನ್ನು ಇನ್ನೊಬ್ಬರು ಬೆಳ್ತಂಗಡಿಯ ಬಸ್ಸಿನಲ್ಲಿ ನಿಂತುಕೊಂಡು ಉಣ್ಣುತ್ತಿದ್ದರು, ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಒಬ್ಬರ ಪಾಪವನ್ನು ಇನ್ನೊಬ್ಬರು ಹೊರುವುದೆಂದರೇನು ಎಂದು ಅವರ ಮನೆಯಲ್ಲಿ ಕೇಳಿದ್ದೆನಲ್ಲ, ಅದು ಹೇಗಿರುತ್ತದೆಂದು ಈಗ ಗೊತ್ತಾಯಿತು. ಹೊರಿಸಿದವರಿಗೆ ಅದು ಬಿಡುಗಡೆಯೇನೂ ಅಲ್ಲ, ಹೋಗಿ ಒಪ್ಪಿಕೊಳ್ಳುವವರೆಗೆ ಗಂಟಲಿನ ಮುಳ್ಳು.

ಹೋದ ಮಳೆಗಾಲದಲ್ಲಿ ಅವರಿಗೆ ಲಿವರಿನ ಕಾಯಿಲೆ ಎಂದು ಗೊತ್ತಾಯಿತು. ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರಂತೆ ಎಂದು ಕೇಳಿದ ಮೇಲೆ ನಾನು ಇನ್ನು ತಡ ಮಾಡಲಿಲ್ಲ. ಒಂದು ಮಧ್ಯಾಹ್ನ ನರಿಕೊಂಬಿಗೆ ಹೋದೆ. ತಂಗಿ ನನ್ನನ್ನು ಒಳಗೆ ಬಿಟ್ಟು ಬಾಗಿಲು ಮುಂದೆ ಮಾಡಿದರು. ಗಟ್ಟಿ ಆಳು ಹಾಸಿಗೆಯಲ್ಲಿ ಅರ್ಧವಾಗಿದ್ದರು. ಕಣ್ಣು ಹಳದಿ, ನಗು ಮಾತ್ರ ಹಾಗೆಯೇ.

"ಅದು ಬಂತಾ!" ಎಂದರು ನನ್ನನ್ನು ನೋಡಿ.

ನಾನು ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿಗೋ ಹೋಯಿತು. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು ಹೇಳಿದೆ. "ಆ ದಿನ ಹೆಬ್ಬೆರಳು ಇಡಿ ಅಂತ ಹೇಳಿದ್ದು ನಾನು. ನೀವು ಬೇಡ ಅಂದಿರಿ. ನಾನಿದ್ದೇನಲ್ಲ ಅಂದೆ. ಸಭೆಯಲ್ಲಿ ಕೇಳಿದಾಗ ಕುರ್ಚಿಯ ಆಸೆಗೆ ಸುಮ್ಮನೆ ಕೂತೆ. ನಿಮ್ಮ ಒಂದನೇ ಕ್ಲಾಸು ಹೋದದ್ದು ನನ್ನಿಂದ." ಅಷ್ಟು ಹೇಳುವಾಗ ನಾನು ಅಳುತ್ತಿದ್ದೆ.

ಅವರು ಸೀಲಿಂಗ್ ಫ್ಯಾನಿನ ಕಡೆ ನೋಡುತ್ತಾ ಮಲಗಿದ್ದರು. ಆಮೇಲೆ, "ನಂದೂ ಒಂದು ಉಂಟು," ಎಂದರು. "ನೀವು ನನ್ನನ್ನು ದೊಡ್ಡ ಸಂತಳು ಅಂತ ಎಣಿಸ್ಬೇಡಿ. ಸಭೆಯಲ್ಲಿ ಸುಳ್ಳು ಹೇಳಿದೆ, ಯಾರೂ ಹೇಳ್ಲಿಲ್ಲ ಅಂತ. ಅದು ಒಂದೇ ಕುಮ್ಸಾರಿನಲ್ಲಿ ಮುಗೀತು. ಆದರೆ ನಿಮ್ಮ ಮೇಲಿನ ಸಿಟ್ಟು ಉಂಟಲ್ಲ, ಅದು ಎರಡು ವರ್ಷ ಹೋಗ್ಲಿಲ್ಲ. ಫೋನಿನಲ್ಲಿ ನಗ್ತಿದ್ದೆ, ಫೋನ್ ಇಟ್ಟು ಹಲ್ಲು ಕಡೀತಿದ್ದೆ. ನಿಮ್ಮ ಬಸ್ಸು ಹಳ್ಳಕ್ಕೆ ಬೀಳ್ಲಿ ಅಂತ ಕೂಡ ಎಣಿಸಿದ್ದೇನೆ. ತಿಂಗಳು ತಿಂಗಳು ಹೋಗಿ ಅದನ್ನೇ ಹೇಳುವುದು. ಪಾದ್ರಿಗಳಿಗೆ ಸಾಕಾಗಿ ಹೋಗಿತ್ತು, ಅದೇ ಪಾಪವಾ ಅಂತ ಕೇಳಿದರು ಒಮ್ಮೆ."

ಅಳುವಿನ ನಡುವೆ ನನಗೆ ನಗು ಬಂತು. ಅವರೂ ನಕ್ಕು ಕೆಮ್ಮಿದರು.

"ಮತ್ತೆ ಹೇಗೆ ಹೋಯಿತು?"

"ಗೊತ್ತಿಲ್ಲ. ಕ್ಷಮಿಸ್ಬೇಕು ಕ್ಷಮಿಸ್ಬೇಕು ಅಂತ ನಾನು ಜೋರು ಮಾಡಿದಷ್ಟು ದಿನ ಆಗ್ಲೇ ಇಲ್ಲ. ಒಂದು ದಿನ ಬೆಳ್ತಂಗಡಿ ಬಸ್ಸಿನಲ್ಲಿ ನಿಮ್ಮ ನೆನಪು ಬಂತು, ಹೊಟ್ಟೆ ಉರೀಲಿಲ್ಲ. ಮತ್ತೊಮ್ಮೆ ಎಣಿಸಿ ನೋಡಿದೆ. ನಿಜವಾಗಿ ಇಲ್ಲ! ಅದು ನಾನು ಮಾಡಿದ್ದಲ್ಲ ಟೀಚರ್. ಯಾರೋ ಬಂದು ತೆಗೊಂಡು ಹೋದದ್ದು. ಕನ್ನಡದಲ್ಲಿ ರಕ್ಷಣೆ ಹೇಳ್ತಾರೆ. ನಮ್ಮ ಕೊಂಕಣಿಯಲ್ಲಿ ಸೊಡ್ವಣ್, ಬಿಡಿಸಿಕೊಡುವುದು. ನನಗೆ ಕೊಂಕಣಿ ಶಬ್ದವೇ ಸರಿ ಅಂತ ಕಾಣ್ತದೆ."

ಹೊರಡುವ ಮೊದಲು ಕೇಳಿದೆ, ನಿಮ್ಮಲ್ಲಿ ಪಾಪ ಹೇಳಿದ ಮೇಲೆ ಪಾದ್ರಿಗಳು ಪ್ರಾಯಶ್ಚಿತ್ತ ಅಂತ ಏನೋ ಕೊಡುತ್ತಾರಲ್ಲ, ನನಗೇನು?

"ನಾನು ಪಾದ್ರಿ ಅಲ್ಲ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಆದರೂ ಒಂದು ಹೇಳ್ತೇನೆ. ನೀವು ನನಗೆ ಹೇಳಿದಿರಿ, ಸಂತೋಷ. ಆದರೆ ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳಿ."

ಇಪ್ಪತ್ತೆರಡು ದಿನದ ಮೇಲೆ ಅವರು ಹೋದರು. ಇಗರ್ಜಿಯ ಸಮಾಧಿಯ ಗುಂಡಿಗೆ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಬೆಳ್ತಂಗಡಿಯ ಆ ಶಾಲೆಯ ಮಕ್ಕಳು ಒಂದು ಜೀಪು ತುಂಬ ಬಂದಿದ್ದರು. ಬಿಸಿಯೂಟದ ಉಸ್ತುವಾರಿ ನೋಡಿದವರಿಗಾಗಿ ಇಷ್ಟು ಮಕ್ಕಳು ಅಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಸಂಚಾಲಕರು ಆಗಿನವರೇ. ಸಮಿತಿಯ ಹಳಬರು ಇದ್ದರು, ಊರಿನ ಪೋಷಕರು ಇದ್ದರು, ಆ ಮಗುವಿನ ಅಜ್ಜ ಕೋಲು ಊರಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಎಲ್ಲರೂ ಬಾಯಮ್ಮ ಟೀಚರ ಹಾಡು, ಶೂ, ವ್ಯಾಕರಣ ನೆನೆದು ನಕ್ಕರು. ಆ ಫೋಟೋದ ಮಾತನ್ನು ಯಾರೂ ಎತ್ತಲಿಲ್ಲ. ಸತ್ತವರ ಎದುರು ಅದೆಲ್ಲ ಯಾಕೆ ಎಂಬ ದೊಡ್ಡಸ್ತಿಕೆ ಎಲ್ಲರ ಮುಖದಲ್ಲಿತ್ತು. ಅಂದರೆ ಅವರೆಲ್ಲ ಬಾಯಮ್ಮ ಟೀಚರನ್ನು ಕ್ಷಮಿಸಿದ್ದರು! ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ನನ್ನ ಸರದಿ ಬಂದಾಗ ಎದ್ದು ನಿಂತು ಹೇಳಿದೆ. ಮಾಡಿಸಿದ್ದು ನಾನು, ಅವರು ಬೇಡ ಎಂದಿದ್ದರು, ಫೋಟೋದಲ್ಲಿ ಕಾಣುವ ಹಸಿರು ಸೆರಗು ನನ್ನದು, ಸಭೆಯಲ್ಲಿ ನಾನು ಬಾಯಿ ಮುಚ್ಚಿ ಕುಳಿತೆ, ಆಮೇಲೆ ನಿವೃತ್ತಿಯವರೆಗೂ ಕುರ್ಚಿಯಲ್ಲಿ ಕುಳಿತೆ, ಅವರ ಹತ್ತಿರ ಒಪ್ಪಿಕೊಂಡದ್ದು ಅವರು ಹಾಸಿಗೆ ಹಿಡಿದ ಮೇಲೆ. ಹೇಳಿ ಮುಗಿಸಿದಾಗ ಸಂಚಾಲಕರು ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು. ಸಭೆ ಬೇಗ ಮುಗಿಯಿತು. ಕೆಲವರು ನನ್ನ ಮುಖ ನೋಡದೆ ಹೋದರು. ಅದನ್ನು ನಾನು ನಿರೀಕ್ಷಿಸಿದ್ದೆ.

ಜನ ಖಾಲಿಯಾದ ಮೇಲೂ ಅಜ್ಜ ಎದ್ದಿರಲಿಲ್ಲ. ನಾನು ಹತ್ತಿರ ಹೋದೆ, ಬೈಸಿಕೊಳ್ಳಲು ತಯಾರಾಗಿಯೇ.

"ಟೀಚರೇ," ಎಂದರು ತುಳುವಿನಲ್ಲಿ. "ನೀವು ಅವರ ಜೀವ ಇರುವಾಗ ಹೋಗಿ ಹೇಳಿದಿರಿ. ಯಾನ್ ಏರೆಡ ಪಣೊಡು?"

ನಾನು ಯಾರ ಹತ್ತಿರ ಹೇಳಲಿ ಎಂದು ಕೇಳುತ್ತಿದ್ದರು. ದೇವರ ಹತ್ತಿರ ಹೇಳಿ ಎನ್ನಬಹುದಿತ್ತು, ಅದು ಯಾರಿಗಾದರೂ ಬರುವ ಉತ್ತರ. ನಾನು ಪಕ್ಕದ ಕುರ್ಚಿ ಎಳೆದುಕೊಂಡು ಅವರ ಸಮಕ್ಕೆ ಕುಳಿತೆ.

"ಎನಡ ಪಣ್ಲೆ," ಎಂದೆ. ನನ್ನ ಹತ್ತಿರ ಹೇಳಿ.

ಅವರು ಒಂದೊಂದೇ ಮಾತಾಗಿ ಹೇಳಿದರು. "ಆ ಫೋಟೋ ಯಾರೋ ನನಗೆ ಕಳಿಸಿದ ದಿನ ನಾನು ಅದನ್ನು ದೊಡ್ಡದು ಮಾಡಿ ನೋಡಿದ್ದೆ. ನನ್ನ ಮೊಮ್ಮಗು ನಗ್ತಾ ಇತ್ತು. ಅಷ್ಟು ಧೈರ್ಯದಲ್ಲಿ ಅದು ನಗುವುದನ್ನು ನಾನು ಮನೆಯಲ್ಲಿ ಕಂಡಿರ್ಲಿಲ್ಲ. ಕೆಟ್ಟದ್ದೇನೂ ಆಗ್ಲಿಲ್ಲ ಅಂತ ಗೊತ್ತಾಗಿಯೂ, ಅದನ್ನು ಕಂಡ ಮೇಲೆಯೇ ನಾನು ದೂರು ಬರೆದದ್ದು."